ಅಮೆರಿಕದ ಜನ ಬಂದೂಕು ನಿಯಂತ್ರಣವನ್ನು ಎಂದೂ ಬಯಸಿಲ್ಲವೇ?

ಪ್ರಶ್ನೆ: ಶಾಲೆಗಳಲ್ಲಿ ಮಕ್ಕಳೇ ಗುಂಡಿಗೆ ಬಲಿಯಾಗುತ್ತಿದ್ದರೂ ಬಂದೂಕಿನ ವಿಷಯದಲ್ಲಿ ಅಮೆರಿಕದ ಜನರ ಮನಸ್ಸು ಏಕೆ ಬದಲಾಗುವುದಿಲ್ಲ?

ಉತ್ತರ: ಅಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ಇದೇ ಪ್ರಶ್ನೆ ಬರುವುದರಿಂದ, ಹಿಂದೆ ಹಲವು ಬಾರಿ ಹೇಳಿದ್ದನ್ನೇ ಈ ಸಲ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜನರ ಮನಸ್ಸು ಬದಲಾಗಿದೆ, ಅದೂ ಒಂದಕ್ಕಿಂತ ಹೆಚ್ಚು ಬಾರಿ.

ಅಮೆರಿಕನ್ನರು ಮೊದಲಿನಿಂದಲೂ ಬಂದೂಕುಪ್ರಿಯರು, ನಿಯಂತ್ರಣವೆಂದರೆ ಅವರಿಗಾಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಸುಳ್ಳು. ಪೊಲೀಸರು ಮತ್ತು ಅಧಿಕೃತ ವ್ಯಕ್ತಿಗಳನ್ನು ಬಿಟ್ಟರೆ ಬೇರೆ ಯಾರೂ ಪಿಸ್ತೂಲು, ರಿವಾಲ್ವರ್ ಇಟ್ಟುಕೊಳ್ಳದಂತೆ ಕಾನೂನು ಬೇಕೇ ಎಂದು 1959ರಲ್ಲಿ ಜನಮತ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಕೇಳಿದಾಗ ಶೇ. 60ರಷ್ಟು ಜನ ಬೇಕೆಂದಿದ್ದರು. ಅದೇ ಪ್ರಶ್ನೆಗೆ 2021ರಲ್ಲಿ ಬೇಕೆಂದವರು ಶೇ. 19 ಮಾತ್ರ. ಇದಕ್ಕೆ ಒಂದು ಕಾರಣ, ಬಂದೂಕು ಏಕೆ ಬೇಕು ಎಂಬುದೇ ಬದಲಾದದ್ದು: ಪ್ಯೂ ಸಂಶೋಧನಾ ಸಂಸ್ಥೆಯ ವರದಿಯ ಪ್ರಕಾರ 1999ರಲ್ಲಿ ಬಂದೂಕು ಇದ್ದವರಲ್ಲಿ ಶೇ. 49ರಷ್ಟು ಜನರಿಗೆ ಬೇಟೆಯೇ ಮುಖ್ಯ ಉದ್ದೇಶವಾಗಿತ್ತು. 2013ರ ವೇಳೆಗೆ ಶೇ. 48ರಷ್ಟು ಜನ ಆತ್ಮರಕ್ಷಣೆಯ ಹೆಸರು ಹೇಳಿದರು. ಇನ್ನೊಂದು, 1977ರ ಸಿನ್ಸಿನಾಟಿ ಸಮಾವೇಶದಲ್ಲಿ ಬಂದೂಕು ಹೊಂದಿದವರ ದೊಡ್ಡ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ನಿಯಂತ್ರಣವನ್ನು ಉಗ್ರವಾಗಿ ವಿರೋಧಿಸುವವರ ಕೈಗೆ ಹೋದದ್ದು.

ಆದರೆ ಸಂಪೂರ್ಣ ನಿಷೇಧ ಬೇಡವೆಂದವರೆಲ್ಲ ನಿಯಂತ್ರಣವೇ ಬೇಡ ಎಂದಿದ್ದಾರೆಂದು ತಿಳಿಯುವುದು ಅದಕ್ಕಿಂತ ದೊಡ್ಡ ತಪ್ಪು. ಮಾರಾಟದ ಕಾನೂನು ಇನ್ನಷ್ಟು ಬಿಗಿಯಾಗಲಿ ಎಂದವರು 1990ರಲ್ಲಿ ಶೇ. 78 ಇದ್ದು, 2010ರಲ್ಲಿ 44ಕ್ಕೆ ಇಳಿದು, ಪಾರ್ಕ್‌ಲ್ಯಾಂಡ್ ಶಾಲೆಯ ದಾಳಿಯ ಬಳಿಕ 2018ರಲ್ಲಿ ಮತ್ತೆ 67ಕ್ಕೆ ಏರಿದರು. ಕೊಳ್ಳುವವನ ಹಿನ್ನೆಲೆ ಪರಿಶೀಲಿಸಬೇಕು ಎಂಬುದಕ್ಕಂತೂ ಹತ್ತರಲ್ಲಿ ಸುಮಾರು ಒಂಬತ್ತು ಜನರ ಒಪ್ಪಿಗೆಯಿದೆ. ಹೀಗಿದ್ದರೂ, ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ಕೆಲವೇ ತಿಂಗಳಲ್ಲಿ, 2013ರ ಏಪ್ರಿಲ್‌ನಲ್ಲಿ, ಆ ಪರಿಶೀಲನೆಯನ್ನು ವಿಸ್ತರಿಸುವ ತಿದ್ದುಪಡಿಗೆ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ, ನೂರು ಸದಸ್ಯರ ಸೆನೆಟ್‌ನಲ್ಲಿ 54 ಮತಗಳು ಬಂದರೂ ಅದು ಬಿದ್ದುಹೋಯಿತು, ಏಕೆಂದರೆ ಬೇಕಿದ್ದದ್ದು 60. ಕೋಟಿಗಟ್ಟಲೆ ಜನರ ಕ್ಯಾಲಿಫೋರ್ನಿಯಕ್ಕೂ ಆರು ಲಕ್ಷದಷ್ಟು ಜನರ ವಯೋಮಿಂಗ್‌ಗೂ ಆ ಸದನದಲ್ಲಿ ತಲಾ ಎರಡೇ ಸ್ಥಾನ. ಸದನ ಮಾಡದ ಕೆಲಸಕ್ಕೆ ಜನರನ್ನು ದೂರುವುದು ಅನ್ಯಾಯ.

ಹಾಗಾದರೆ ನಮ್ಮ ಕೊಡಗನ್ನೂ ಇದೇ ಸಾಲಿಗೆ ಸೇರಿಸಬಹುದೇ? ಸೇರಿಸಬಾರದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದೂ ನಿಜ. ಆದರೆ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ, 2029ರವರೆಗೆ ಎಂದು ಅವಧಿ ಗೊತ್ತುಮಾಡಿ ಕೊಟ್ಟ ವಿನಾಯಿತಿ. ಅಮೆರಿಕದ್ದು ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿರುವ ಹಕ್ಕು. ಅದು ವ್ಯಕ್ತಿಗತ ಹಕ್ಕೆಂದು 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಮೇಲೆ, 1959ರಲ್ಲಿ ಅಲ್ಲಿನ ಬಹುಮತ ಬಯಸಿದ್ದ ಪಿಸ್ತೂಲು ನಿಷೇಧವನ್ನು ಇಂದು ಶಾಸನಸಭೆ ಅಂಗೀಕರಿಸಿದರೂ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.