ಹಳೇ ಜರ್ಮನ್ ಕಾರುಗಳು: ಉಳಿದಿರೋದು ಎಷ್ಟು, ಉಳಿಸಿದ್ದು ಯಾವುದು?

ಜರ್ಮನಿಯಲ್ಲಿ ವಾಹನಗಳ ಲೆಕ್ಕ ಇಡೋಕೆ ಅಂತಲೇ ಫ್ಲೆನ್ಸ್‌ಬುರ್ಗ್ ಊರಿನಲ್ಲಿ ಒಂದು ಸರ್ಕಾರಿ ಕಚೇರಿ ಇದೆ. ಪ್ರತಿ ವರ್ಷ ಜನವರಿ 1ಕ್ಕೆ ರಸ್ತೆಯಲ್ಲಿ ಎಷ್ಟು ಕಾರು ಅಂತ ಹೇಳುತ್ತದೆ. ಆದರೆ ಅದು ಎಣಿಸುವುದು ನೋಂದಣಿಯನ್ನು, ಕಾರನ್ನಲ್ಲ. 2007ರಲ್ಲಿ ಸುಮಾರು 4.6 ಕೋಟಿ ಇದ್ದ ಲೆಕ್ಕ 2008ರಲ್ಲಿ 4.1 ಕೋಟಿಗೆ ಇಳಿಯಿತು. ಯಾರೂ ಕಾರು ಒಡೆದು ಹಾಕಿರಲಿಲ್ಲ. ನೋಂದಣಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಶೆಡ್ಡಿನಲ್ಲಿ ಬಿಟ್ಟಿದ್ದ ಗಾಡಿಗಳನ್ನು ಪಟ್ಟಿಯಿಂದ ತೆಗೆದರು, ಅಷ್ಟೇ. ಹಳೇ ಕಾರುಗಳು ಇರುವುದು ಅಂಥ ಶೆಡ್ಡುಗಳಲ್ಲೇ ಅಲ್ವಾ?

ಇನ್ನೊಂದು ಲೆಕ್ಕ 'ಎಚ್' ನಂಬರ್ ಪ್ಲೇಟಿನದು, ಅಂದರೆ ಹಳೇ ಕಾಲದ (ಹಿಸ್ಟಾರಿಕ್) ಗಾಡಿ ಅಂತ ಗುರುತಿಸಿ ಕೊಡುವ ಪ್ಲೇಟು. 1997ರಲ್ಲಿ ಶುರುವಾಯಿತು. ಕಾರಿಗೆ 30 ವರ್ಷ ಆಗಿರಬೇಕು, ಹೆಚ್ಚುಕಡಿಮೆ ಮೂಲ ರೂಪದಲ್ಲೇ ಇರಬೇಕು. ಅಲ್ಲಿ ತೆರಿಗೆ ಎಂಜಿನ್ ಗಾತ್ರ ಮತ್ತು ಹೊಗೆಯ ಮೇಲೆ ನಿಂತಿರುವುದರಿಂದ ಹಳೇ ದೊಡ್ಡ ಮರ್ಸಿಡಿಸ್ ಇಟ್ಟುಕೊಂಡವರ ಜೇಬು ಖಾಲಿಯಾಗುತ್ತಿತ್ತು. ಎಚ್ ಇದ್ದರೆ ವರ್ಷಕ್ಕೆ ಸುಮಾರು 191 ಯೂರೋ, ಎಂಜಿನ್ ಎಷ್ಟೇ ದೊಡ್ಡದಿರಲಿ. 2008ರಿಂದ ಹೊಗೆ ಜಾಸ್ತಿ ಬಿಡುವ ಗಾಡಿಗಳನ್ನು ಬರ್ಲಿನ್‌ನಂಥ ನಗರಗಳ ಒಳಗೆ ತಡೆಯಲು ಶುರು ಮಾಡಿದಾಗಲೂ ಎಚ್ ಕಾರುಗಳಿಗೆ ವಿನಾಯಿತಿ ಸಿಕ್ಕಿತು. ಈಗ ಎಚ್ ವಾಹನಗಳು 6 ಲಕ್ಷಕ್ಕೂ ಜಾಸ್ತಿ.

ಈ ಲೆಕ್ಕದಲ್ಲೂ ತೂತು ಇದೆ. ಪೂರ್ವ ಜರ್ಮನಿಯ ಟ್ರಾಬಾಂಟ್ ನೋಡಿ. ಎಂಜಿನ್ ಬರೀ 600 ಸಿಸಿ, ಹಾಗಾಗಿ ಮಾಮೂಲಿ ತೆರಿಗೆಯೇ 191 ಯೂರೋಗಿಂತ ಕಡಿಮೆ. ಎಚ್ ಯಾಕೆ ಬೇಕು? 1957ರಿಂದ 1991ರ ತನಕ ತ್ಸ್ವಿಕಾವ್ ಊರಿನಲ್ಲಿ 30 ಲಕ್ಷ ಟ್ರಾಬಾಂಟ್ ತಯಾರಾದವು. ಒಂದು ಕಾಲಕ್ಕೆ ಹತ್ತು ವರ್ಷ ಕಾದು ಕೊಂಡವರೇ ಬರ್ಲಿನ್ ಗೋಡೆ ಬಿದ್ದ ಮೇಲೆ ಅದನ್ನು ಸಿಕ್ಕ ರೇಟಿಗೆ ಮಾರಿದರು, ಕೆಲವರು ಸುಮ್ನೆ ಬೀದಿಯಲ್ಲೇ ಬಿಟ್ಟು ಹೋದರು. ಈಗ ನೋಂದಣಿಯಲ್ಲಿರುವುದು ಸುಮಾರು 40 ಸಾವಿರ, ಅಂದರೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ತಯಾರಿಕೆ ನಿಂತು ಮೂವತ್ತು ವರ್ಷ ದಾಟಿದ ಕಾರಿನ ಸಂಖ್ಯೆ ಈಚೆಗೆ ಏರುತ್ತಿದೆ, ಯಾಕೆಂದರೆ ಶೆಡ್ಡಿನಲ್ಲಿದ್ದವು ರಿಪೇರಿಯಾಗಿ ಹೊರಗೆ ಬರುತ್ತಿವೆ.

ಪೋರ್ಷೆ ಕಂಪನಿ ತಾನು ಮಾಡಿದ ಕಾರುಗಳಲ್ಲಿ ನೂರಕ್ಕೆ 70 ಇನ್ನೂ ಓಡುತ್ತಿವೆ ಅನ್ನುತ್ತದೆ. ತುಕ್ಕು ಹಿಡಿಯದಂತೆ ಸತು ಲೇಪಿಸಿದ ತಗಡನ್ನು 1970ರ ದಶಕದಲ್ಲೇ ಬಳಸಿದ್ದು ನಿಜ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶದಲ್ಲಿ ಅದು ಸಣ್ಣ ವಿಷಯವಲ್ಲ. ಆದರೆ ದುಬಾರಿ ಕಾರನ್ನು ಯಾರು ಗುಜರಿಗೆ ಹಾಕುತ್ತಾರೆ?

ಗುಜರಿಗೆ ಹೋಗುವುದು ನಡುವಯಸ್ಸಿನ ಕಾರು. ಹದಿನೈದು ವರ್ಷ ದಾಟಿದರೆ ಬೆಲೆ ಇಲ್ಲ, ಮೂವತ್ತಾಗುವ ತನಕ ಗೌರವವೂ ಇಲ್ಲ. ಡಬ್ಲ್ಯು123 ಅನ್ನುವ ಮಾದರಿಯ ಮರ್ಸಿಡಿಸ್‌ಗಳು ಸುಮಾರು 27 ಲಕ್ಷ ತಯಾರಾದವು. ಎಷ್ಟೋ ಗಾಡಿಗಳು ಆ ವಯಸ್ಸಿನಲ್ಲಿ ಆಫ್ರಿಕಾಕ್ಕೆ ಹೋಗಿ ಮೊರಾಕ್ಕೊದಲ್ಲಿ ಟ್ಯಾಕ್ಸಿಯಾದವು. ಅವು ಓಡಿದರೂ ಜರ್ಮನಿಯ ಲೆಕ್ಕಕ್ಕೆ ಬರುವುದಿಲ್ಲ.

ದೊಡ್ಡ ಹೊಡೆತ ಬಿದ್ದಿದ್ದು 2009ರಲ್ಲಿ. ಆರ್ಥಿಕ ಕುಸಿತದಿಂದ ಕಾರು ಉದ್ಯಮವನ್ನು ಎತ್ತಲು ಸರ್ಕಾರ ಒಂಬತ್ತು ವರ್ಷ ದಾಟಿದ ಕಾರನ್ನು ಗುಜರಿಗೆ ಹಾಕಿ ಹೊಸದು ಕೊಂಡವರಿಗೆ 2,500 ಯೂರೋ ಕೊಟ್ಟಿತು. 500 ಕೋಟಿ ಯೂರೋ ಖರ್ಚಾಯಿತು, ಸುಮಾರು 20 ಲಕ್ಷ ಕಾರು ಹೋದವು. ಬಹುಪಾಲು ಯಾರೂ ಕ್ಲಾಸಿಕ್ ಅಂತ ಅಂದುಕೊಳ್ಳದ ಸಾಮಾನ್ಯ ಕಾರುಗಳು, 90ರ ದಶಕದವೂ ಬೇಕಾದಷ್ಟಿದ್ದವು. ಉಳಿದಿದ್ದರೆ ಅವುಗಳಿಗೆ ಎಚ್ ಪ್ಲೇಟ್ ಸಿಗುವ ವಯಸ್ಸು ಈಗ.