ಸೀಸ ಬಿಟ್ಟು ಗಾಳದ ಗುಂಡು ಎರಕ ಹೊಯ್ಯಬಹುದಾ?

ಪ್ರಶ್ನೆ: ಹಳೇ ಬ್ಯಾಟರಿಯ ಸೀಸ ಕರಗಿಸಿ ಗಾಳಕ್ಕೆ ಗುಂಡು ಮಾಡ್ತಿದ್ವಿ. ಈಗ ಎಲ್ಲರೂ ಸೀಸ ಬೇಡ ಅಂತಾರೆ. ಮನೆಯಲ್ಲೇ ಕರಗುವ ಬೇರೆ ಲೋಹ ಯಾವುದು ಸಾರ್?

ತವರ. 232 ಡಿಗ್ರಿಗೆ ಕರಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲೆಡ್ ಫ್ರೀ ಸೋಲ್ಡರ್ ಬಾರ್ (ಸೀಸವಿಲ್ಲದ ಬೆಸುಗೆ ಲೋಹದ ಪಟ್ಟಿ) ಕೇಳಿ, ಅದು ಬಹುಪಾಲು ತವರವೇ. ಆದರೆ ಸೀಸಕ್ಕಿಂತ ತುಂಬಾ ದುಬಾರಿ, ಹಗುರ ಕೂಡ. ಅಷ್ಟೇ ತೂಕ ಬೇಕೆಂದರೆ ಗುಂಡಿನ ಗಾತ್ರ ಒಂದೂವರೆ ಪಟ್ಟಾಗುತ್ತದೆ. ನನ್ನ ಕೇಳಿದರೆ ಎರಕವೇ ಬೇಡ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ನಟ್ ಕಟ್ಟಿ. ಕಬ್ಬಿಣ ತವರಕ್ಕಿಂತ ಭಾರ, ದಾರ ಪೋಣಿಸಲು ತೂತು ಮೊದಲೇ ಇದೆ!

ಇಷ್ಟು ಹೇಳಿದರೆ ಮರುಪ್ರಶ್ನೆ ಬಂದೇ ಬರುತ್ತದೆ: "ಮಹಡಿ ಮೇಲೆ ಗಾಳಿಯಲ್ಲಿ ಕರಗಿಸ್ತೀವಿ, ಹೊಗೆನೇ ಬರಲ್ಲ. ಸೀಸ ಆದರೇನು?" ಎಷ್ಟು ಸಲ ಹೇಳಿದರೂ ಈ ಹೊಗೆಯ ಮಾತು ಹೋಗುತ್ತಿಲ್ಲ. ಸ್ವಲ್ಪ ಗಮನವಿಟ್ಟು ಓದಿ. ಸೀಸ ಕರಗುವುದು 327 ಡಿಗ್ರಿಗೆ, ಕುದಿಯುವುದು 1749ಕ್ಕೆ. ಮನೆಯ ಒಲೆಯಲ್ಲಿ ಅದು ಕುದಿಯುವ ಮಟ್ಟ ಮುಟ್ಟುವುದಿಲ್ಲ. ಕಣ್ಣಿಗೆ ಕಾಣುವ ಹೊಗೆ ಹೆಚ್ಚಾಗಿ ಎಣ್ಣೆ, ಕೊಳೆ ಸುಟ್ಟಿದ್ದು. ದೊಡ್ಡ ಅಪಾಯ ಇರುವುದು ಕರಗಿದ ಸೀಸದ ಮೇಲೆ ಕಟ್ಟುವ, ನೀವು ಹಳೇ ಸೌಟಿನಲ್ಲಿ ತೆಗೆದು ಪಕ್ಕಕ್ಕೆ ಸುರಿಯುವ ಬೂದು ಕಿಟ್ಟದಲ್ಲಿ. ಅದು ತಣ್ಣಗಾಗಿ ಪುಡಿಯಾಗುತ್ತದೆ. ಆ ಪುಡಿ ಉಗುರಿಗೆ, ಲುಂಗಿಗೆ, ಚಪ್ಪಲಿಗೆ ಅಂಟಿ ಮನೆಯೊಳಗೆ ಬರುತ್ತದೆ. ಅದೇ ಮಹಡಿಯಲ್ಲಿ ಮನೆಯವರು ಹಪ್ಪಳ ಒಣಗಿಸುತ್ತಾರೆ, ಮಗು ಅಂಬೆಗಾಲಿಡುತ್ತದೆ, ಅಲ್ವಾ? ಮಗು ಕೈಯನ್ನು ಬಾಯಿಗಿಟ್ಟರೆ ಸಾಕು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಾಳಿ ಬೀಸಿದರೆ ಪುಡಿ ಇನ್ನಷ್ಟು ದೂರ ಹೋಗುತ್ತದೆ, ಅಷ್ಟೇ. ಬ್ಯಾಟರಿ ಒಡೆದರೆ ಆಸಿಡ್ ಬೇರೆ. ಸೀಸ ಕರಗಿಸಿದ ಬಾಣಲೆಯಲ್ಲೇ ತವರ ಕರಗಿಸಿದರೂ ಸೀಸ ಬಿಟ್ಟಂತಾಗಲಿಲ್ಲ.

ಕೆರೆಯ ಕಥೆಯೂ ಇದೆ. ದಾರ ತುಂಡಾಗಿ ಬಿದ್ದ ಗುಂಡನ್ನು ಹಕ್ಕಿಗಳು ಕಲ್ಲೆಂದು ನುಂಗುತ್ತವೆ. ಹಂಸಗಳು ಹೀಗೆ ಸಾಯುತ್ತಿದ್ದವೆಂದು ಬ್ರಿಟನ್ನಿನಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲೇ ನಿಲ್ಲಿಸಿದರು.

ತವರದ ಮಾತು ಬಂತು, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಸಾರು ಮಾಡಲು ಅಂತ ಈಯದ (ತವರದ) ಚೊಂಬು ಕೊಳ್ಳುವವರು "ಬೇಗ ಕರಗಿದರೆ ಅಸಲಿ" ಎನ್ನುವ ಪರೀಕ್ಷೆ ನಂಬಬೇಡಿ. ಸೀಸ ಬೆರೆಸಿದ ತವರ ಇನ್ನೂ ಬೇಗ, 183 ಡಿಗ್ರಿಗೇ ಕರಗಲು ಶುರುವಾಗಬಹುದು. ಬಿಲ್ಲಿನಲ್ಲಿ ಶುದ್ಧ ತವರ ಅಂತ ಬರೆಸಿಕೊಳ್ಳಿ. ಅಂಗಡಿಯವರು ಬರೆಯಲ್ಲ ಅಂದರೆ ಸ್ಟೀಲ್ ಪಾತ್ರೆಯಲ್ಲೇ ಸಾರು ಮಾಡಿ.