ಬಿಡುಗಡೆ ಸಿಕ್ಕ ಮೇಲೂ ಇಷ್ಟೊಂದು ಕಟ್ಟುಪಾಡು ಯಾಕೆ?

ಓದುಗರ ಪ್ರಶ್ನೆ: ಕ್ರಿಸ್ತ ನಮ್ಮನ್ನು ಬಿಡುಗಡೆ ಮಾಡಿದ್ದಾನೆ ಅಂತ ಚರ್ಚಿನಲ್ಲಿ ಭಾನುವಾರ ಭಾನುವಾರ ಕೇಳುತ್ತೇವೆ. ಅದನ್ನು ತಿನ್ನಬೇಡ, ಅಲ್ಲಿಗೆ ಹೋಗಬೇಡ, ಇಷ್ಟು ದಿನ ಉಪವಾಸ ಇರು, ಇಷ್ಟು ಕಾಣಿಕೆ ಹಾಕು ಅಂತಲೂ ಅಲ್ಲೇ ಕೇಳುತ್ತೇವೆ. ಹಾಗಿದ್ದರೆ ಇದು ಯಾವ ಬಿಡುಗಡೆ? ಯಾವುದರಿಂದ ಬಿಡುಗಡೆ?

ಉತ್ತರ: ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಹುಟ್ಟಿನಿಂದ ಕ್ರೈಸ್ತರಾದವರೂ ಕೇಳುತ್ತಾರೆ, ಹೊಸದಾಗಿ ನಂಬಿದವರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಇದು. ಮೊದಲನೆಯ ಶತಮಾನದ ಕ್ರೈಸ್ತ ಸಭೆಗಳು ಇದೇ ಪ್ರಶ್ನೆಗಾಗಿ ಜಗಳ ಆಡಿವೆ. ಬೈಬಲಿನ ಹೊಸ ಒಡಂಬಡಿಕೆಯ ಅರ್ಧಕ್ಕರ್ಧ ಪತ್ರಗಳಲ್ಲಿ ಆ ಜಗಳದ ಸದ್ದು ಕೇಳಿಸುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ. ದೇವರು ನನ್ನನ್ನು ಒಪ್ಪಿಕೊಳ್ಳಬೇಕಾದರೆ ನಾನು ಏನಾದರೂ ಮಾಡಿ ತೋರಿಸಲೇಬೇಕು ಎಂಬ ಭಯ ಇದೆಯಲ್ಲ, ಕ್ರೈಸ್ತ ನಂಬಿಕೆಯಲ್ಲಿ ಬಿಡುಗಡೆ ಎಂದರೆ ಮೊದಲು ಆ ಭಯದಿಂದ ಬಿಡುಗಡೆ. ಅದರ ಜೊತೆಗೇ, ನನ್ನ ಮೇಲೆ ಅಧಿಕಾರ ನಡೆಸುವ ಪಾಪದಿಂದಲೂ ಬಿಡುಗಡೆ. ಈ ಬಿಡುಗಡೆ ಸಿಕ್ಕವರಿಗೆ ಬದುಕಿನಲ್ಲಿ ಕ್ರಮ ಬೇಡವೇ? ಬೇಕು. ಆದರೆ ಆ ಕ್ರಮ ಬಿಡುಗಡೆಯ ಬೆಲೆ ಆಗಕೂಡದು. ಎಲ್ಲ ತಕರಾರೂ ಇಲ್ಲೇ ಇದೆ.

ಹಳೆಯ ಒಡಂಬಡಿಕೆಯಿಂದಲೇ ಶುರುಮಾಡೋಣ. ಇಸ್ರಾಯೇಲ್ಯರು, ಅಂದರೆ ಯೆಹೂದ್ಯರ ಪೂರ್ವಜರು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಬಿಟ್ಟಿ ಚಾಕರಿಯ ಗುಲಾಮರು. ಇಟ್ಟಿಗೆಗೆ ಬೇಕಾದ ಹುಲ್ಲನ್ನು ಇನ್ನು ಅವರೇ ಹುಡುಕಿ ತರಲಿ, ಆದರೆ ಇಟ್ಟಿಗೆಯ ಲೆಕ್ಕದಲ್ಲಿ ಒಂದೂ ಕಡಿಮೆ ಆಗಬಾರದು ಎಂದು ಅಲ್ಲಿನ ರಾಜ ಫರೋಹ ಹುಕುಂ ಮಾಡುತ್ತಾನೆ. ಅಲ್ಲಿಂದ ದೇವರು ಅವರನ್ನು ಹೊರಗೆ ತರುತ್ತಾನೆ. ಸಮುದ್ರ ದಾಟಿ ಸೀನಾಯಿ ಬೆಟ್ಟಕ್ಕೆ ಬಂದ ಮೇಲೆಯೇ ಹತ್ತು ಆಜ್ಞೆಗಳು ಸಿಗುತ್ತವೆ. ಅವು ಶುರುವಾಗುವುದು 'ಮಾಡಬೇಡ' ಎಂಬ ಮಾತಿನಿಂದ ಅಲ್ಲ. ದಾಸತ್ವದ ಮನೆಯಿಂದ ನಿನ್ನನ್ನು ಹೊರತಂದ ದೇವರು ನಾನೇ ಎಂಬುದು ಮೊದಲ ಮಾತು. ಮೊದಲು ಬಿಡುಗಡೆ, ಆಮೇಲೆ ಆಜ್ಞೆ. ಆಜ್ಞೆ ಪಾಲಿಸಿದರೆ ಮಾತ್ರ ಐಗುಪ್ತದಿಂದ ಬಿಡಿಸುತ್ತೇನೆ ಅಂತ ಎಲ್ಲೂ ಇಲ್ಲ.

ವಾರಕ್ಕೊಂದು ದಿನದ ವಿಶ್ರಾಂತಿಯ ಆಜ್ಞೆಯನ್ನು ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ನೋಡಿ. ನೀನು ಮಾತ್ರ ಸುಮ್ಮನೆ ಕೂತರೆ ಸಾಲದು. ನಿನ್ನ ಆಳಿಗೂ, ನಿನ್ನ ಎತ್ತು ಕತ್ತೆಗಳಿಗೂ, ನಿನ್ನ ಊರಲ್ಲಿರುವ ಪರದೇಶಿಗೂ ಬಿಡುವು ಸಿಗಬೇಕು. ಯಾಕೆ? ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ಅದನ್ನು ಮರೆಯಬೇಡ. ಬಿಡುವೇ ಇಲ್ಲದ ಇಟ್ಟಿಗೆ ಕೆಲಸದಿಂದ ಬಂದವರಿಗೆ ಕೊಟ್ಟ ನಿಯಮ ಇದು. ಇನ್ನೊಬ್ಬರನ್ನು ಫರೋಹನಂತೆ ದುಡಿಸಬೇಡ ಅಂತ ಅದರ ಅರ್ಥ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಚರ್ಚಿನ ಎಷ್ಟೋ ಉಪದೇಶಗಳಲ್ಲಿ ಯೆಹೂದ್ಯರ ಧರ್ಮಶಾಸ್ತ್ರವನ್ನು ಬರೀ ಸರಪಳಿ ಎಂಬಂತೆ ತೋರಿಸುತ್ತಾರೆ. ಅದು ಸರಿಯಲ್ಲ. ಅವರಿಗೆ ಅದು ದೇವರು ಪ್ರೀತಿಯಿಂದ ಕೊಟ್ಟದ್ದು. ಮೊದಲ ಶತಮಾನದ ಆ ಸಭೆಗಳಿಗೆ ಪತ್ರ ಬರೆದ ಪೌಲನ ಜಗಳ ಬೇರೆಯದೇ ವಿಷಯಕ್ಕೆ.

ಆ ಜಗಳ ನಡೆದದ್ದು ಅಂತಿಯೋಕ್ಯದಲ್ಲಿ, ಅಂದರೆ ಇಂದಿನ ಟರ್ಕಿಯ ಅಂತಾಕ್ಯದಲ್ಲಿ. ಯೇಸುವಿನ ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದೂ ಆ ಊರಿನಲ್ಲೇ. ಅಲ್ಲಿ ಯೆಹೂದ್ಯ ವಿಶ್ವಾಸಿಗಳೂ ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರ ಜೊತೆ ಕೂತು ಊಟ ಮಾಡುತ್ತಿದ್ದ. ಆಮೇಲೆ ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ, ಕೆಲವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಅನ್ಯಜನರ ಜೊತೆ ಊಟ ಬಿಟ್ಟ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಬಿಟ್ಟರು. ಪೌಲನ ಆಪ್ತ ಬಾರ್ನಬ ಕೂಡ ಅವರ ಜೊತೆ ಹೋದ. ನಮ್ಮ ಕಡೆ ಇದಕ್ಕೆ ಪಂಕ್ತಿಭೇದ ಅನ್ನುತ್ತಾರೆ, ಅಲ್ವಾ?

ಪೌಲ ಸುಮ್ಮನಿರಲಿಲ್ಲ. ಎಲ್ಲರ ಎದುರಿಗೇ, ಪೇತ್ರನ ಮುಖಕ್ಕೆ ಮುಖ ಕೊಟ್ಟು ತಪ್ಪು ಎಂದ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಇದನ್ನು ಅವನೇ ಹೇಳಿದ್ದಾನೆ. ಪೇತ್ರ ಯಾವ ಸಿದ್ಧಾಂತವನ್ನೂ ಬಾಯಿಬಿಟ್ಟು ಅಲ್ಲಗಳೆದಿರಲಿಲ್ಲ, ಬರೀ ಎಲೆ ಬದಲಿಸಿದ್ದ ಅಷ್ಟೇ. ಆದರೆ ಹಾಗೆ ಎದ್ದು ಹೋದದ್ದರಿಂದ ಉಳಿದವರಿಗೆ ಏನು ಸಂದೇಶ ಹೋಯಿತು? ಕ್ರಿಸ್ತನನ್ನು ನಂಬಿದರೆ ಸಾಲದು, ಸುನ್ನತಿ ಮಾಡಿಸಿಕೊಂಡು ನಮ್ಮಂತಾದರೆ ಮಾತ್ರ ನೀವು ಪಂಕ್ತಿಗೆ ಯೋಗ್ಯರು ಎಂಬ ಸಂದೇಶ. ಪೌಲನಿಗೆ ಸಹಿಸಲಾಗದೆ ಹೋದದ್ದು ಇದು. ಆ ಪತ್ರದ 5ನೇ ಅಧ್ಯಾಯದ ಮೊದಲ ವಚನದಲ್ಲಿ, ಕ್ರಿಸ್ತ ಬಿಡಿಸಿದ್ದಾನೆ, ಮತ್ತೆ ನೊಗಕ್ಕೆ ಕೊರಳು ಕೊಡಬೇಡಿ ಎಂದು ಅವನು ಹೇಳುವಾಗ ಮನಸ್ಸಿನಲ್ಲಿ ಇಂಥದ್ದೇ ಒತ್ತಾಯ ಇದೆ.

ಇದೇ ಪೌಲ ಮುಂದೆ ತನ್ನ ಜೊತೆಗಾರ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದ. ಯೆಹೂದ್ಯನಲ್ಲದ ಇನ್ನೊಬ್ಬ ಜೊತೆಗಾರ ತೀತನಿಗೆ ಸುನ್ನತಿ ಆಗಲೇಬೇಕು ಎಂಬ ಒತ್ತಡ ಬಂದಾಗ ಮಾತ್ರ ಒಂದಿಷ್ಟೂ ಬಗ್ಗಿರಲಿಲ್ಲ. ಮೇಲ್ನೋಟಕ್ಕೆ ಒಂದಕ್ಕೊಂದು ತಾಳೆ ಆಗುವುದಿಲ್ಲ. ಆದರೆ ತಿಮೊಥೆಯನ ತಾಯಿ ಯೆಹೂದ್ಯಳು, ಅವರು ಹೋಗುತ್ತಿದ್ದ ಕಡೆ ಯೆಹೂದ್ಯರು ಇದ್ದರು. ಅವರಿಗೆ ಅಡ್ಡಿಯಾಗದಿರಲಿ ಎಂದು ಮಾಡಿದ ಕೆಲಸ ಅದು. ತೀತನ ವಿಷಯದಲ್ಲಿ ಅದನ್ನು ರಕ್ಷಣೆಯ ಷರತ್ತು ಮಾಡಲು ಹೊರಟಿದ್ದರು. ಒಂದೇ ಆಚರಣೆ, ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ. ನನಗೆ ಇಡೀ ವಿಷಯ ಅತಿ ಸ್ಪಷ್ಟವಾಗಿ ಕಾಣುವುದು ಇಲ್ಲೇ.

ಹಾಗಾದರೆ ಏನು ಬೇಕಾದರೂ ಮಾಡಬಹುದಾ? ಗ್ರೀಸಿನ ಕೊರಿಂಥ ಪಟ್ಟಣದ ಸಭೆಯಲ್ಲಿ ಕೆಲವರು ಹಾಗೇ ಅಂದುಕೊಂಡಿದ್ದರು. ಎಲ್ಲಕ್ಕೂ ನನಗೆ ಹಕ್ಕಿದೆ ಎಂಬುದು ಅವರ ಮಾತು. ಅಲ್ಲಿ ದೇವಾಲಯಗಳಲ್ಲಿ ಬಲಿಯಾದ ಪ್ರಾಣಿಯ ಮಾಂಸ ಪೇಟೆಗೂ ಬರುತ್ತಿತ್ತು, ಔತಣಕ್ಕೂ ಬರುತ್ತಿತ್ತು. ಕೊರಿಂಥದಲ್ಲಿ ಗ್ರೀಕರ ವೈದ್ಯದೇವರು ಅಸ್ಕ್ಲೇಪಿಯಸ್‌ನ ದೇವಾಲಯವನ್ನು ಅಗೆದಾಗ ಊಟದ ಕೋಣೆಗಳೇ ಸಿಕ್ಕವು. ಒಂದೊಂದರಲ್ಲೂ ಒರಗಿಕೊಂಡು ಊಟ ಮಾಡಲು 11 ಮಂಚಗಳಿಗೆ ಜಾಗ. ಮದುವೆ, ಹುಟ್ಟುಹಬ್ಬ, ವ್ಯಾಪಾರದ ಮಾತುಕತೆ ಎಂದು ಯಾರಾದರೂ ಊಟಕ್ಕೆ ಕರೆದರೆ ಏನು ಮಾಡಬೇಕು?

ಕರ್ನಾಟಕದ ಕ್ರೈಸ್ತರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮನೆಯವರು ರಾಮನವಮಿಗೆ ಪಾನಕ ಕೋಸಂಬರಿ ತಂದುಕೊಡುತ್ತಾರೆ. ಆಫೀಸಿನಲ್ಲಿ ತಿರುಪತಿಗೆ ಹೋಗಿಬಂದವರು ಲಡ್ಡು ಹಂಚುತ್ತಾರೆ. ಕೈ ಚಾಚಬೇಕಾ, ಬೇಡವಾ? ಮನೆಮನೆಯಲ್ಲಿ ಇದರ ಚರ್ಚೆ ಆಗುತ್ತದೆ.

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ರಿಂದ 10ನೇ ಅಧ್ಯಾಯಗಳಲ್ಲಿ ಇದಕ್ಕೆ ಉತ್ತರ ಕೊಡುತ್ತಾನೆ. ಅವನ ಉತ್ತರ ಹೌದು-ಇಲ್ಲ ಎಂಬ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ತಿಂಡಿ ನಮ್ಮನ್ನು ದೇವರಿಗೆ ಹತ್ತಿರವನ್ನೂ ಮಾಡುವುದಿಲ್ಲ, ದೂರವನ್ನೂ ಮಾಡುವುದಿಲ್ಲ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ. ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಬೇರೆ ದೇವರ ಆರಾಧನೆಯಲ್ಲಿ ಪಾಲು ತೆಗೆದುಕೊಂಡು ಕರ್ತನ ಭೋಜನಕ್ಕೂ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಗೂ) ಬರಲಾಗದು ಎಂದು ಖಡಾಖಂಡಿತವಾಗಿ ಹೇಳುತ್ತಾನೆ. ಇದು ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ತಿಳಿಸಿದವರಿಗೋಸ್ಕರ ತಿನ್ನಬೇಡಿ ಅನ್ನುತ್ತಾನೆ. ನನ್ನ ಊಟದಿಂದ ನನ್ನ ಸಹೋದರ ಎಡವುವುದಾದರೆ ಇನ್ನೆಂದಿಗೂ ಮಾಂಸವನ್ನೇ ತಿನ್ನುವುದಿಲ್ಲ ಎಂದೂ ಹೇಳುತ್ತಾನೆ.

ಎಡವುವ ಸಹೋದರ ಅಂದರೆ ಯಾರು? ಮೊನ್ನೆ ಮೊನ್ನೆವರೆಗೆ ಹಳೆಯ ಆರಾಧನೆಯಲ್ಲೇ ಇದ್ದು, ಈಗ ಹೊಸದಾಗಿ ನಂಬಿದವನು. ನೀವು ತಿನ್ನುವುದನ್ನು ನೋಡಿ, ಮನಸ್ಸು ಒಪ್ಪದಿದ್ದರೂ ಅವನೂ ತಿನ್ನುತ್ತಾನೆ. ಅವನ ಮನಸ್ಸಾಕ್ಷಿಗೆ ಪೆಟ್ಟು ಬೀಳುತ್ತದೆ. ನಿಮಗೆ ಹಕ್ಕು ಇದ್ದೇ ಇದೆ. ಆ ಹಕ್ಕನ್ನು ಅವನಿಗೋಸ್ಕರ ಬಿಡುವ ಶಕ್ತಿಯೂ ನಿಮಗಿದೆಯಾ ಎಂದು ಪೌಲ ಕೇಳುತ್ತಿದ್ದಾನೆ.

ಪ್ರಸಾದದ ವಿಷಯದಲ್ಲಿ ಇವತ್ತಿಗೂ ಎಲ್ಲ ಸಭೆಗಳ ಅಭಿಪ್ರಾಯ ಒಂದೇ ಅಲ್ಲ. ಪ್ರಾಮಾಣಿಕ ಕ್ರೈಸ್ತರು ಎರಡೂ ಕಡೆ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ತೆಗೆದುಕೊಳ್ಳದಿರುವುದಾದರೆ ಪ್ರೀತಿಯಿಂದ, ಕೈ ಮುಗಿದು ಹೇಳಿ. ಕೊಟ್ಟವರ ಭಕ್ತಿಯನ್ನು ಹೀಯಾಳಿಸುವ ಹಕ್ಕು ಪೌಲ ಯಾರಿಗೂ ಕೊಟ್ಟಿಲ್ಲ. ಯೆಹೂದ್ಯರಿಗಾಗಲಿ, ಗ್ರೀಕರಿಗಾಗಲಿ, ದೇವರ ಸಭೆಗಾಗಲಿ ಅಡ್ಡಿಯಾಗಬೇಡಿ ಎಂದೇ ಅವನು 10ನೇ ಅಧ್ಯಾಯವನ್ನು ಮುಗಿಸುವುದು.

ಇನ್ನು ಒಳಗಿನ ದಾಸತ್ವ. ಯೋಹಾನನ ಸುವಾರ್ತೆಯ 8ನೇ ಅಧ್ಯಾಯದಲ್ಲಿ, ಸತ್ಯ ನಿಮ್ಮನ್ನು ಬಿಡುಗಡೆ ಮಾಡುತ್ತದೆ ಎಂದು ಯೇಸು ಹೇಳಿದಾಗ, ಕೇಳಿದವರು ನಾವು ಯಾವತ್ತೂ ಯಾರಿಗೂ ದಾಸರಾಗಿರಲಿಲ್ಲ ಅನ್ನುತ್ತಾರೆ. ಪಾಪ ಮಾಡುವವನು ಪಾಪಕ್ಕೆ ದಾಸ ಎಂದು ಯೇಸುವಿನ ಉತ್ತರ. ಕುಡಿತ ಬಿಡಬೇಕು ಎಂದು ಬೆಳಿಗ್ಗೆ ಆಣೆ ಮಾಡಿ ಸಂಜೆ ಅದೇ ಅಂಗಡಿಯ ಮುಂದೆ ನಿಲ್ಲುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯದನ್ನು ಮಾಡಬೇಕೆಂದಿದ್ದರೂ ಬೇಡವಾದದ್ದನ್ನೇ ಮಾಡುತ್ತೇನೆ ಎಂದು ಪೌಲನೂ ರೋಮಾಪುರದವರಿಗೆ ಬರೆದ ಪತ್ರದಲ್ಲಿ ನರಳುತ್ತಾನೆ. ಮನಸ್ಸು ಬಂದಂತೆ ನಡೆಯುವುದೇ ಸ್ವಾತಂತ್ರ್ಯವಾದರೆ, ಮನಸ್ಸೇ ಬಂಧಿಯಾಗಿರುವಾಗ ಗತಿ ಏನು? ಅದಕ್ಕೇ ಕ್ರೈಸ್ತರು ಪವಿತ್ರಾತ್ಮನ ಸಹಾಯದ ಬಗ್ಗೆ ಮಾತಾಡುವುದು. ಪ್ರಾರ್ಥನೆ, ಉಪವಾಸ, ಪಾಪನಿವೇದನೆಗಳಿಗೆ ಅರ್ಥ ಬರುವುದೂ ಇಲ್ಲಿಯೇ.

ಕ್ರೈಸ್ತ ಎಲ್ಲದರ ಮೇಲೂ ಸ್ವತಂತ್ರ ಒಡೆಯ, ಯಾರಿಗೂ ಅಧೀನನಲ್ಲ. ಅದೇ ಕ್ರೈಸ್ತ ಎಲ್ಲರ ಸೇವಕ, ಎಲ್ಲರಿಗೂ ಅಧೀನ. ಜರ್ಮನಿಯ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಬರೆದ ಕಿರುಹೊತ್ತಿಗೆಯ ಸಾರ ಈ ಎರಡು ಮಾತು. ನಂಬಿಕೆಯಿಂದ ಮೊದಲನೆಯದು, ಪ್ರೀತಿಯಿಂದ ಎರಡನೆಯದು.

ಆದರೆ ಈ ಬಿಡುಗಡೆ ಬರೀ ಒಳಗಿನದಾ? ಐದೇ ವರ್ಷದಲ್ಲಿ, 1525ರಲ್ಲಿ, ಜರ್ಮನಿಯ ಮೆಮ್ಮಿಂಗೆನ್‌ನಲ್ಲಿ ರೈತರು ಹನ್ನೆರಡು ಬೇಡಿಕೆಗಳನ್ನು ಮುಂದಿಟ್ಟರು. ಕುರುಬನಿಂದ ದೊಡ್ಡ ಒಡೆಯನವರೆಗೆ ಎಲ್ಲರನ್ನೂ ಕ್ರಿಸ್ತ ತನ್ನ ರಕ್ತದಿಂದ ಬಿಡಿಸಿರುವಾಗ ನಮ್ಮನ್ನು ಜೀತದಲ್ಲಿ ಇಡುವುದು ಹೇಗೆ ಸರಿ ಎಂಬುದು ಮೂರನೆಯದು. ಲೂಥರ್ ಒಪ್ಪಲಿಲ್ಲ. ಇದು ಕ್ರೈಸ್ತ ಬಿಡುಗಡೆಯನ್ನು ದೇಹಕ್ಕೆ ಇಳಿಸುವುದು ಎಂದರು. ನನಗನ್ನಿಸುವಂತೆ ಇಲ್ಲಿ ರೈತರು ಲೂಥರರಿಗಿಂತ ಚೆನ್ನಾಗಿ ಬೈಬಲ್ ಓದಿದ್ದರು. ಐಗುಪ್ತದ ಇಟ್ಟಿಗೆ ಕೆಲಸ ಬರೀ ಆತ್ಮದ ವಿಷಯ ಆಗಿರಲಿಲ್ಲವಲ್ಲ.

ಗುಲಾಮರ ಒಡೆಯರಿಗೂ ಇದು ಗೊತ್ತಿತ್ತು. ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ 1807ರಲ್ಲಿ ಲಂಡನ್ನಿನಲ್ಲಿ ಒಂದು ಕತ್ತರಿಸಿದ ಬೈಬಲ್ ಅಚ್ಚಾಯಿತು. ಯೋಸೇಫ ಗುಲಾಮನಾದ ಕಥೆ ಅದರಲ್ಲಿದೆ, ಐಗುಪ್ತದಿಂದ ಹೊರಬಂದ ಕಥೆ ಇಲ್ಲ. ದಾಸರೇ ಒಡೆಯರಿಗೆ ವಿಧೇಯರಾಗಿರಿ ಎಂಬ ವಚನ ಇದೆ. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎನ್ನುವ ಗಲಾತ್ಯದವರಿಗೆ 3:28 ಇಲ್ಲ. ಆ ವಚನಕ್ಕೆ ಎಷ್ಟು ಹೆದರಿದ್ದರು ನೋಡಿ. ನಮ್ಮ ನಾಡಿನ ಸಭೆಗಳೂ ಅದನ್ನು ಪೂರ್ತಿ ಒಪ್ಪಿ ನಡೆದಿವೆ ಎಂದು ಹೇಳಲಾರೆ. ದಕ್ಷಿಣ ಭಾರತದ ಕೆಲವು ಕಡೆ ಕ್ರೈಸ್ತರ ಸಮಾಧಿ ಜಾಗದಲ್ಲೂ ಜಾತಿಯ ಗೋಡೆ ಎದ್ದಿದೆ. ಮದುವೆ ಮಾತುಕತೆಯಲ್ಲಿ ಜಾತಿ ಕೇಳುವ ವಿಶ್ವಾಸಿಗಳು ಈಗಲೂ ಇದ್ದಾರೆ. ಅಂತಿಯೋಕ್ಯದಲ್ಲಿ ಪೇತ್ರ ಎದ್ದು ಹೋದದ್ದಕ್ಕೂ ಇದಕ್ಕೂ ನನಗೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಈಗ ನಿಮ್ಮ ಪ್ರಶ್ನೆಯಲ್ಲಿದ್ದ ಉಪವಾಸ, ಕಾಣಿಕೆಗೆ ಬರೋಣ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸ ಬಿಟ್ಟು ಆ ದುಡ್ಡನ್ನು ಇಲ್ಲದವರಿಗೆ ಕೊಡುವವರು ದಾಸರಲ್ಲ. ಬಿಟ್ಟವರು ಬಿಡದವರಿಗೆ ತೀರ್ಪು ಹೇಳಬಾರದು, ತಿನ್ನುವವರು ತಿನ್ನದವರನ್ನು ತಾತ್ಸಾರ ಮಾಡಬಾರದು. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಪೂರ್ತಿ ಇದೇ ಮಾತು. ಕಾಣಿಕೆಯನ್ನು ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಿ, ಒತ್ತಾಯಕ್ಕೆ ಬೇಡ ಎಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 9ನೇ ಅಧ್ಯಾಯದಲ್ಲಿದೆ. ಆದರೆ ಇಷ್ಟು ಕೊಡದಿದ್ದರೆ ಮನೆಗೆ ಶಾಪ, ಇಷ್ಟು ಉಪವಾಸ ಇರದಿದ್ದರೆ ಕಾಯಿಲೆ ವಾಸಿಯಾಗದು, ಈ ಬಟ್ಟೆ ಹಾಕಿದರೆ ರಕ್ಷಣೆಯೇ ಇಲ್ಲ ಎಂದು ಯಾರಾದರೂ ಹೆದರಿಸುತ್ತಿದ್ದರೆ ಅದು ಮತ್ತೆ ನೊಗ ಹೊರಿಸುವ ಕೆಲಸ. ನಿಮ್ಮ ಅಯ್ಯನವರ ಹತ್ತಿರವೋ ಫಾದರ್ ಹತ್ತಿರವೋ ಗಲಾತ್ಯದವರಿಗೆ ಬರೆದ ಪತ್ರವನ್ನು ತೆಗೆದುಕೊಂಡು ಹೋಗಿ, ಕೂತು ಕೇಳಿ. ಪೇತ್ರನನ್ನೇ ಎದುರಿಗೆ ಕೇಳಿದವರಿದ್ದರು, ನೀವು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ.